ಕೊಡೆ ಕಾರಿಗೆ ಎಸಿ ಕೂರಿಸಿದ ಬೇಸಿಗೆ

ಹೋದ ವಾರ ನಮ್ಮ ಪಾಲಿಟೆಕ್ನಿಕ್‌ನ ಸಹೋದ್ಯೋಗಿಯೊಬ್ಬರು ಹೊಸ ಕಾರು ತಂದಿದ್ದರು. ದೊಡ್ಡಬಳ್ಳಾಪುರದ ಒಂದು ಗುಡಿ ಮುಂದೆ ಪೂಜೆ. ಚಕ್ರಗಳ ಕೆಳಗೆ ನಿಂಬೆಹಣ್ಣು, ಬಾನೆಟ್ ಮೇಲೆ ಸೇವಂತಿಗೆ ಹಾರ, ಎಲ್ಲ ಮಾಮೂಲಿ. ಅರ್ಚಕರು ಹೊರಗಡೆಯ ಮಂಗಳಾರತಿ ಮುಗಿಸಿ, ಉರಿಯುತ್ತಿದ್ದ ತಟ್ಟೆಯನ್ನು ಹಿಡಿದುಕೊಂಡೇ ಡ್ರೈವರ್ ಬಾಗಿಲ ಕಡೆ ಬಗ್ಗಿದರು. ಒಳಗೆ ಅಂಟಿಸಿದ್ದ ಪುಟ್ಟ ಗಣಪತಿಗೂ ಒಂದು ಸುತ್ತು ಬೆಳಗೋಣ ಅಂತ. ಕರ್ಪೂರದ ವಾಸನೆ ನನ್ನ ಮೂಗಿಗೆ ಬಡಿಯಿತು.

"ಒಳಗೆ ಬೇಡ! ಒಳಗೆ ತಗೊಂಡ್ ಹೋಗ್ಬೇಡಿ!"

ಕೂಗಿದ್ದು ನಾನೇ ಎಂದು ಗೊತ್ತಾಗಿದ್ದು ಎಲ್ಲರೂ ನನ್ನ ಕಡೆ ತಿರುಗಿದಾಗ. ಅರ್ಚಕರು ತಟ್ಟೆ ಹಿಂದಕ್ಕೆ ಎಳೆದುಕೊಂಡು, "ಯಾಕಮ್ಮ, ಏನಾಯ್ತು?" ಎಂದರು. ಏನೂ ಆಗಿರಲಿಲ್ಲ. ಅದು ಶೋರೂಮಿನಿಂದ ಆಗಷ್ಟೇ ಬಂದ ಕಾರು, ಕಿಟಕಿಗಳೆಲ್ಲ ತೆರೆದಿದ್ದವು. "ಸೀಟ್ ಹೊಸದಲ್ವಾ, ಕಿಡಿ ಬಿದ್ದೀತು ಅಂತ" ಎಂದು ಏನೋ ಹೇಳಿ ತಪ್ಪಿಸಿಕೊಂಡೆ. ಅರ್ಚಕರು ತಟ್ಟೆ ಕೆಳಗಿಟ್ಟು ಎಲ್ಲರಿಗೂ ತೀರ್ಥ ಕೊಟ್ಟರು.

ಕೆಲವು ವರ್ಷಗಳ ಹಿಂದಿನ ಒಂದು ಬೇಸಿಗೆ ಹೀಗೆ ಎಲ್ಲೆಂದರಲ್ಲಿ ಬಂದು ನನ್ನಿಂದ ಕೂಗಿಸುತ್ತದೆ.

ದೇವನಹಳ್ಳಿಯಿಂದ ಬೂದಿಗೆರೆ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಅಪ್ಪನ ಶೆಡ್ಡು. ಅಪ್ಪನ ಹೆಸರು ಗಂಗಣ್ಣ. ಕಾರುಗಳಿಗೆ ಎಸಿ ಹಾಕುವುದು, ಕೆಟ್ಟ ಎಸಿ ಸರಿಮಾಡುವುದು ಅವರ ಕೆಲಸವಾದ್ದರಿಂದ ಸುತ್ತಮುತ್ತಲಿನವರಿಗೆಲ್ಲ ಅವರು ಎಸಿ ಗಂಗಣ್ಣ. ಶೆಡ್ಡಿನ ಹಿಂದೆ ಒಂದು ಚಕ್ಕೋತದ ಮರ, ಅದರ ಹಿಂದೆ ನಮ್ಮ ಮನೆ. ಏರ್‌ಪೋರ್ಟ್ ಬಂದಮೇಲೆ ಟ್ಯಾಕ್ಸಿಗಳು ಸಾಲುಗಟ್ಟಿದವು, ಕೆಲಸಕ್ಕೆ ಕೊರತೆಯಾಗಲಿಲ್ಲ. ವಿಮಾನ ತಲೆಯ ಮೇಲೆ ಇಳಿಯುವಾಗ ಶೆಡ್ಡಿನಲ್ಲಿ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಅದು ದಾಟಿದ ಮೇಲೆ ಬಿಟ್ಟ ಪದದಿಂದಲೇ ಮತ್ತೆ ಶುರುವಾಗುತ್ತಿತ್ತು.

ಅಪ್ಪನದೊಂದು ಪದ್ಧತಿ ಇತ್ತು. ಯಾವ ಕಾರಿನ ಎಸಿ ಕೆಲಸ ಮುಗಿದರೂ ಮೊದಲ ತಣ್ಣನೆ ಗಾಳಿ ದೇವರಿಗೆ. ಸಣ್ಣ ಹಿತ್ತಾಳೆ ತಟ್ಟೆಯಲ್ಲಿ ಕರ್ಪೂರ ಹಚ್ಚಿ, ಡ್ಯಾಶ್‌ಬೋರ್ಡಿನ ಗಾಳಿಕಿಂಡಿಯ ಮುಂದೆ ಹಿಡಿಯುವರು. ಗಾಳಿ ಜೋರಾಗಿದ್ದರೆ ಜ್ವಾಲೆ ಬಾಗುತ್ತದೆ. "ನೋಡಿ, ವಾಯುದೇವ್ರು ಒಪ್ಕೊಂಡ್ರು" ಎನ್ನುವರು. ಥರ್ಮಾಮೀಟರ್ ಹಿಡಿದು ತೋರಿಸಿದರೆ ಗಿರಾಕಿಗಳಿಗೆ ಅರ್ಥವಾಗುತ್ತಿರಲಿಲ್ಲ, ಬಾಗಿದ ಜ್ವಾಲೆ ಕಂಡರೆ ಮುಖ ಅರಳುತ್ತಿತ್ತು. ಆ ತಟ್ಟೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಹೊಳೆಸಿ ತಂದುಕೊಡುವುದು ಚಿಕ್ಕಂದಿನಲ್ಲಿ ನನ್ನ ಕೆಲಸ. ಸ್ಪ್ಯಾನರ್ ಕೊಡುವುದೂ ನನ್ನ ಕೆಲಸವೇ. ಕಾರಿನ ಕೆಳಗಿಂದ ಅಪ್ಪನ ಕೈ ಮಾತ್ರ ಹೊರಗೆ ಬರುತ್ತಿತ್ತು, ಯಾವ ಸ್ಪ್ಯಾನರ್ ಎಂದು ಕೇಳದೆಯೇ ಸರಿಯಾದ್ದನ್ನು ಆ ಕೈಗಿಡುತ್ತಿದ್ದೆ. ಹೈಸ್ಕೂಲಿಗೆ ಬಂದ ಮೇಲೆ ಅಮ್ಮ ನಿಲ್ಲಿಸಿದಳು. ದೊಡ್ಡವಳಾದ ಹುಡುಗಿ ಡ್ರೈವರ್‌ಗಳ ಮಧ್ಯೆ ಏನು ಮಾಡುತ್ತಾಳೆ ಅಂತ. ಅಮ್ಮ ಈಗಿಲ್ಲ. ನಾನು ಹಟ ಹಿಡಿದು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದೆ, ಆ ದಾರಿಯಲ್ಲಾದರೂ ಶೆಡ್ಡಿಗೆ ವಾಪಸ್ ಹೋಗಬಹುದೆಂದು. ಅಪ್ಪ ಊರಿಗೆಲ್ಲ ಸಿಹಿ ಹಂಚಿದರು. ಆಮೇಲೆ, "ಇಷ್ಟ್ ಓದಿರೋ ಮಗಳು ಗ್ರೀಸ್ ಮುಟ್ಬಾರ್ದು ಕಣಮ್ಮ" ಎಂದರು. ನಾನು ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಲು ಸೇರಿದೆ. ಬೇರೆಯವರ ಮಕ್ಕಳಿಗೆ ಶೀತಲೀಕರಣದ ಪಾಠ.

ನನ್ನ ಜಾಗಕ್ಕೆ ಲೋಕೇಶ ಬಂದ. ನನ್ನ ತಂಗಿ ಕವಿತಾಳ ಗಂಡ. ತ್ಯಾಮಗೊಂಡ್ಲು ಕಡೆಯವನು, ಗಂಡುಮಕ್ಕಳಿಲ್ಲದ ನಮ್ಮ ಮನೆಗೆ ಮನೆಅಳಿಯನಾಗಿ ಬಂದವನು. ಮಾತು ಕಮ್ಮಿ. ಕೆಟ್ಟವನಲ್ಲ, ನನಗೆ ಕಷ್ಟವಾಗಿದ್ದೇ ಅದು. ಕೆಟ್ಟವನಾಗಿದ್ದರೆ ಒಂದು ಸಲ ಜಗಳ ಆಡಿ ಹಗುರಾಗಬಹುದಿತ್ತು. ಅವನು ಬೆಳಿಗ್ಗೆ ಎದ್ದು ಶೆಡ್ಡಿನ ಶಟರ್ ಎತ್ತುವ ಸದ್ದು ಕೇಳಿದರೆ ಸಾಕು, ಹಾಸಿಗೆಯಲ್ಲೇ ನನ್ನ ಹಲ್ಲು ಕಚ್ಚಿಕೊಳ್ಳುತ್ತಿತ್ತು. ಅಪ್ಪನ ಕೈ ಕಾರಿನ ಕೆಳಗಿಂದ ಹೊರಗೆ ಬಂದಾಗ ಈಗ ಸ್ಪ್ಯಾನರ್ ಇಡುವವನು ಅವನು. ಅವನೂ ಕೇಳದೆಯೇ ಇಡುತ್ತಿದ್ದ.

ಆ ವರ್ಷ ಯುಗಾದಿ ಕಳೆದು ಬಿಸಿಲು ಏರುತ್ತಿದ್ದಾಗ, ನಮ್ಮ ಕಾಲೇಜಿಗೆ ರಜೆ ಕೊಟ್ಟ ಸಮಯದಲ್ಲಿ, ಕ್ಯಾಪ್ಟನ್ ಮಾದಪ್ಪನವರು ಶೆಡ್ಡಿಗೆ ಬಂದರು. ವಿಮಾನ ಓಡಿಸಿ ನಿವೃತ್ತರಾದವರು, ಕುಂದಾಣದ ಹತ್ತಿರ ತೋಟದ ಮನೆ ಕಟ್ಟಿಕೊಂಡಿದ್ದರು. ಅವರು ತಂದದ್ದು ಹಳೆಯ ವಿಲಾಯತಿ ಸ್ಪೋರ್ಟ್ಸ್ ಕಾರು. ಕಡು ಹಸಿರು ಬಣ್ಣ, ಕಡ್ಡಿ ಚಕ್ರಗಳು, ಮರದ ಡ್ಯಾಶ್‌ಬೋರ್ಡು, ಎರಡೇ ಸೀಟು. ನೆಲಕ್ಕೆ ಎಷ್ಟು ಹತ್ತಿರವೆಂದರೆ ಒಳಗೆ ಕೂತವರು ಕೈ ಚಾಚಿದರೆ ರಸ್ತೆ ಮುಟ್ಟಬಹುದು. ಮೇಲೆ ತಗಡಿನ ಚಾವಣಿ ಇಲ್ಲ, ಕ್ಯಾನ್ವಾಸ್ ಬಟ್ಟೆಯ ಮಾಡು. ಬೇಡವಾದಾಗ ಕ್ಲಿಪ್ ಬಿಚ್ಚಿ ಹಿಂದಕ್ಕೆ ಮಡಚಬಹುದು. ಅದನ್ನು ನೋಡಿ ಟ್ಯಾಕ್ಸಿ ಡ್ರೈವರೊಬ್ಬ, "ಏನ್ ಗುರು ಇದು, ಕೊಡೆಗೆ ಚಕ್ರ ಹಾಕವ್ರೆ" ಎಂದ. ಅಂದಿನಿಂದ ಶೆಡ್ಡಿನಲ್ಲಿ ಅದು ಕೊಡೆ ಕಾರು.

"ಇದಕ್ಕೆ ಎಸಿ ಹಾಕ್ಬೇಕು ಗಂಗಣ್ಣ" ಎಂದರು ಕ್ಯಾಪ್ಟನ್.

ಅಪ್ಪ ನಕ್ಕುಬಿಟ್ಟರು. "ಸಾರ್, ಗಾಳಿ ಕುಡಿಯೋಕೆ ಅಂತ್ಲೇ ಮಾಡಿರೋ ಗಾಡಿ ಇದು. ಇದಕ್ಕೆ ಎಸಿ ಅಂದ್ರೆ, ಮೀನಿಗೆ ಸ್ನಾನ ಮಾಡಿಸ್ದಂಗೆ."

"ನಂಗೂ ಗೊತ್ತು. ನನಗಲ್ಲ, ಇವಳಿಗೆ." ಅವರು ಪಕ್ಕದಲ್ಲಿ ಕೂತಿದ್ದ ಹೆಂಡತಿಯನ್ನು ತೋರಿಸಿದರು.

ಪಾರ್ವತಮ್ಮನವರಿಗೆ ಅದಕ್ಕೂ ಹಿಂದಿನ ವರ್ಷ ದೊಡ್ಡ ಕಾಯಿಲೆಯಾಗಿ ಔಷಧಿಯಿಂದ ಚರ್ಮ ಸೂಕ್ಷ್ಮವಾಗಿತ್ತು. ಬಿಸಿಲೂ ಆಗದು, ಸೆಕೆಯೂ ಆಗದು. ಆದರೆ ಮದುವೆಯ ಹೊಸದರಲ್ಲಿ ಅವರಿಬ್ಬರೂ ಊರೂರು ಸುತ್ತಿದ್ದು ಈ ಕಾರಿನಲ್ಲೇ. ಮುಂದೆ ಬರಲಿದ್ದ ಮದುವೆಯ ವಾರ್ಷಿಕೋತ್ಸವದ ದಿನ ಇನ್ನೊಂದು ಸಲ ನಂದಿಬೆಟ್ಟದವರೆಗಾದರೂ ಹೋಗಿಬರಬೇಕೆಂಬುದು ಆಕೆಯ ಆಸೆ. "ಐಸ್‌ಬಾಕ್ಸಲ್ಲಿ ಮೀನಿಟ್ಟಂಗೆ ನನ್ನನ್ನ ಇಟ್ಕೊಂಡ್ ಹೋಗ್ತಾರಂತೆ ಕಣಪ್ಪ" ಎಂದು ಆಕೆ ನಕ್ಕರು. ಅಪ್ಪನ ನಗು ನಿಂತಿತು. "ಆಯ್ತು ಬಿಡಿ ಅಮ್ಮ. ಆ ದಿನಕ್ಕೆ ನಿಮ್ಮನ್ನ ತಣ್ಣಗೆ ಕೂರಿಸ್ತೀನಿ" ಎಂದು ಮಾತು ಕೊಟ್ಟುಬಿಟ್ಟರು.

ಅಂಥ ಕೆಲಸ ಶೆಡ್ಡಿಗೆ ಹಿಂದೆಂದೂ ಬಂದಿರಲಿಲ್ಲ. ಎಸಿ ಎಂಬುದು ಹುಟ್ಟುವ ಮೊದಲೇ ಹುಟ್ಟಿದಂತಿದ್ದ ಕಾರು, ಯಾವುದಕ್ಕೂ ಜಾಗವಿಲ್ಲ. ಕಂಪ್ರೆಸರ್ ಎಲ್ಲಿ ಕೂರಿಸುವುದು? ಹಳೆಯ ಡೈನಮೋ ಫ್ಯಾನ್ ತಿರುಗಿಸುವಷ್ಟು ಕರೆಂಟ್ ಕೊಡುವುದೇ? ನಾನು ಎರಡು ರಾತ್ರಿ ಕೂತು, ಬಟ್ಟೆ ಮಾಡಿನ ಮೂಲಕ ಎಷ್ಟು ಶಾಖ ಒಳಗೆ ಬರುತ್ತದೆ, ಎಷ್ಟು ತಣಿಸಬೇಕು ಎಂದೆಲ್ಲ ಲೆಕ್ಕ ಹಾಕಿದೆ. ಮಾಡಿನ ಒಳಮೈಗೆ ಶಾಖ ತಡೆಯುವ ಇನ್ನೊಂದು ಪದರ ಹೊಲಿಸದಿದ್ದರೆ ಎಂಥ ಎಸಿ ಹಾಕಿದರೂ ಉಪಯೋಗವಿಲ್ಲ ಎಂದು ಅಪ್ಪನಿಗೆ ಹೇಳಿದೆ.

"ಚೆನ್ನಾಗ್ ಹೇಳ್ದೆ ಕಣಮ್ಮ" ಎಂದರು ಅಪ್ಪ, ಟೀ ಲೋಟವನ್ನು ನನ್ನ ಲೆಕ್ಕದ ಹಾಳೆಯ ಮೇಲಿಡುತ್ತ.

ನಾಲ್ಕು ದಿನ ಕಳೆದು ಲೋಕೇಶ ಮಧ್ಯಾಹ್ನದ ಬಿಸಿಲಿನಲ್ಲಿ ಮಾಡಿನೊಳಗೆ ಕೈ ಇಟ್ಟು ನೋಡಿ, "ಮಾವ, ಬಟ್ಟೆ ಕಾದ ಹೆಂಚಾಗೈತೆ. ಒಳಗೊಂದು ಪದರ ಹೊಲಿಸ್ಬೇಕು" ಎಂದ.

"ಅಬ್ಬಾ, ಏನ್ ತಲೆ ನೋಡು ಇವ್ನದು!" ಎಂದರು ಅಪ್ಪ.

ನಾನು ಅಲ್ಲೇ ನಿಂತಿದ್ದೆ. ಅಪ್ಪನಿಗೆ ನಾನು ಹೇಳಿದ್ದು ನೆನಪಿರಲಿಲ್ಲ. ಲೋಕೇಶನಿಗೆ ಗೊತ್ತೇ ಇರಲಿಲ್ಲವೇನೋ. ಗೊತ್ತಿದ್ದು ಮಾಡುವ ಮೋಸಕ್ಕಿಂತ, ಗೊತ್ತಿಲ್ಲದೆಯೇ ನನ್ನದನ್ನು ತೆಗೆದುಕೊಳ್ಳುವ ಅವನ ಗುಣಕ್ಕೇ ನನಗೆ ಹೆಚ್ಚು ಉರಿಯಿತು.

ಆದರೂ ನೋಡದೆ ಇರಲಾಗಲಿಲ್ಲ. ದಿನವೂ ಏನಾದರೊಂದು ನೆಪ ಮಾಡಿ ಶೆಡ್ಡಿಗೆ ಹೋಗುತ್ತಿದ್ದೆ, ಮಜ್ಜಿಗೆ ಕೊಡಲು, ಚಕ್ಕೋತ ಬಿಡಿಸಿ ಕೊಡಲು. ಲೋಕೇಶ ಬೇಕರಿಯ ಕೇಕ್ ಡಬ್ಬದ ರಟ್ಟು ಕತ್ತರಿಸಿ ಇಂಜಿನ್ನಿನ ಪಕ್ಕ ಹಿಡಿದು ನೋಡುವನು, ಮತ್ತೆ ಕತ್ತರಿಸುವನು. ರಟ್ಟು ಸರಿಯಾಗಿ ಕೂತಮೇಲೆ ಅದೇ ಆಕಾರದಲ್ಲಿ ಕಬ್ಬಿಣ ಕುಯ್ದು ಕಂಪ್ರೆಸರ್‌ಗೆ ಬ್ರಾಕೆಟ್ ಮಾಡಿದ. ಡೈನಮೋ ತೆಗೆದು ಹೆಚ್ಚು ಕರೆಂಟ್ ಕೊಡುವ ಆಲ್ಟರ್ನೇಟರ್ ಕೂರಿಸಿದ. ತಣ್ಣನೆ ಗಾಳಿ ಬರುವ ಪೆಟ್ಟಿಗೆಯನ್ನು ಡ್ಯಾಶ್‌ಬೋರ್ಡಿನ ಕೆಳಗೆ, ಪಾರ್ವತಮ್ಮನವರ ಮೊಣಕಾಲಿಗೆ ತಾಗದ ಹಾಗೆ ನೇತುಹಾಕಿದ. ಮರದ ಡ್ಯಾಶ್‌ಬೋರ್ಡಿಗೆ ಒಂದೇ ಒಂದು ತೂತು ಕೊರೆಯಲಿಲ್ಲ. ನನ್ನ ವಿದ್ಯಾರ್ಥಿ ಯಾರಾದರೂ ಹೀಗೆ ಮಾಡಿದ್ದರೆ ನಾನು ತರಗತಿಯ ಮುಂದೆ ನಿಲ್ಲಿಸಿ ಚಪ್ಪಾಳೆ ತಟ್ಟಿಸುತ್ತಿದ್ದೆ. ಇಲ್ಲಿ ಮಾತ್ರ, ಎಲ್ಲಾದರೂ ಒಂದು ನಟ್ಟು ಸಡಿಲವಾಗಿರಲಿ ಎಂದು ಕಣ್ಣು ಹುಡುಕುತ್ತಿತ್ತು. ಅಪ್ಪ ಅವನ ಹೆಗಲ ಮೇಲೆ ಕೈ ಹಾಕಿಕೊಂಡು ಬಂದ ಗಿರಾಕಿಗಳಿಗೆಲ್ಲ ತೋರಿಸುವರು. "ನಮ್ಮ ಅಳಿಯ. ನೋಡಿ ಮಾಡಿರೋ ಕೆಲ್ಸಾನ." ನನ್ನನ್ನೂ ತೋರಿಸುತ್ತಿದ್ದರು. "ಇವಳು ನಮ್ಮ ದೊಡ್ಡ ಮಗಳು. ಲೆಕ್ಚರರ್ರು." ಎರಡನೆಯದು ಗೋಡೆಯ ಮೇಲಿನ ಫೋಟೋ ತೋರಿಸಿದಂತಿರುತ್ತಿತ್ತು.

ತೊಂದರೆ ಬಂದದ್ದು ರಸ್ತೆಗೆ ಇಳಿಸಿದಾಗ. ಗಾಳಿ ತಣ್ಣಗೇ ಬಂತು. ಆದರೆ ಎಸಿ ಹಾಕಿದೊಡನೆ ಆ ಸಣ್ಣ ಹಳೆಯ ಇಂಜಿನ್ ಏದುಸಿರು ಬಿಡತೊಡಗಿತು. ದಿಬ್ಬ ಹತ್ತಿಸಿದರೆ ನೀರು ಕುದಿದು ರೇಡಿಯೇಟರ್‌ನಿಂದ ಹಬೆ ಎದ್ದಿತು. ಲೋಕೇಶ, "ದೊಡ್ಡ ರೇಡಿಯೇಟರ್ ಮಾಡಿಸ್ಬೇಕು ಮಾವ. ಟೈಮ್ ಬೇಕು" ಎಂದ. ಅಪ್ಪ, "ಟೈಮ್ ಎಲ್ಲೈತೆ? ನಾಡಿದ್ದು ಅವ್ರ ಮದುವೆ ದಿನ. ಆ ಯಮ್ಮಂಗೆ ಮಾತ್ ಕೊಟ್ಟಿದ್ದೀನಿ" ಎಂದರು. ಇಬ್ಬರೂ ದನಿ ತಗ್ಗಿಸಿ ಮಾತಾಡಿಕೊಂಡರು. ಒಂದು ವಿಮಾನ ಇಳಿಯಿತು, ಮಿಕ್ಕದ್ದು ನನಗೆ ಕೇಳಿಸಲಿಲ್ಲ. ಒಳಗೊಳಗೇ ನನಗೆ ಸಮಾಧಾನವಾಯಿತು. ಕೊನೆಗೂ ಅವನಿಂದ ಆಗದ್ದೊಂದು ಇದೆಯಲ್ಲ.

ಮರುದಿನ ನೋಡಿದರೆ ಇಂಜಿನ್ ಹಗುರವಾಗಿ ಓಡುತ್ತಿತ್ತು. ಎಸಿ ಹಾಕಿದರೂ ಉಸಿರು ಕಟ್ಟುತ್ತಿರಲಿಲ್ಲ. ಅಪ್ಪನೇ ಬೂದಿಗೆರೆಯವರೆಗೆ ಆ ಹಳ್ಳಕೊಳ್ಳದ ರಸ್ತೆಯಲ್ಲಿ ಕುಲುಕಿಸಿಕೊಂಡು ಹೋಗಿ ಬಂದು, "ಬೆಣ್ಣೆ ಕಣ್ರೋ, ಬೆಣ್ಣೆ!" ಎಂದು ಕುಣಿದಾಡಿದರು. ಲೋಕೇಶ ತಲೆ ತಗ್ಗಿಸಿ ಸ್ಪ್ಯಾನರ್ ಒರೆಸುತ್ತಿದ್ದ. ತಿಂಡಿಯನ್ನೂ ಸರಿಯಾಗಿ ತಿನ್ನಲಿಲ್ಲ. ಗೆದ್ದವನ ಗತ್ತು ಅಂದುಕೊಂಡೆ. ಶೆಡ್ಡಿನಲ್ಲಿ ಟೀ ಕಾಯಿಸುವ ಸಣ್ಣ ಗ್ಯಾಸ್ ಸಿಲಿಂಡರ್ ಅದರ ಜಾಗದಲ್ಲಿರಲಿಲ್ಲ. ಕವಿತಾ ಗೊಣಗುತ್ತ ಮನೆಯೊಳಗೇ ಟೀ ಮಾಡಿ ತಂದಳು. ಅದರ ಬಗ್ಗೆ ಯಾರೂ ಹೆಚ್ಚು ಯೋಚಿಸಲಿಲ್ಲ, ನಾನೂ.

ವಾರ್ಷಿಕೋತ್ಸವದ ದಿನ ಬೆಳಿಗ್ಗೆ ಹತ್ತರ ಬಿಸಿಲಿಗೇ ಅಂಗಳ ಕಾದಿತ್ತು. ಕ್ಯಾಪ್ಟನ್ ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು ಬಂದಿದ್ದರು. ಪಾರ್ವತಮ್ಮ ಹಳದಿ ರೇಷ್ಮೆ ಸೀರೆ, ತಲೆಗೊಂದು ಸ್ಕಾರ್ಫು. ಅವರನ್ನು ಚಕ್ಕೋತದ ಮರದ ನೆರಳಲ್ಲಿ ಕೂರಿಸಿದ್ದೆವು. ಕಾರು ಅಂಗಳದ ಮಧ್ಯೆ ನಿಂತಿತ್ತು, ಮಾಡು ಹಾಕಿ, ಕಿಟಕಿಗಳನ್ನೆಲ್ಲ ಬಿಗಿದು. ಬೇರೆ ಕಾರುಗಳಾದರೆ ಅಪ್ಪ ಬಾಗಿಲು ತೆರೆದಿಟ್ಟುಕೊಂಡೇ ಆರತಿ ಮಾಡುತ್ತಿದ್ದರು. ಅವತ್ತು ಮಾತ್ರ, ಆಕೆ ಕೂತ ಕ್ಷಣದಲ್ಲೇ ತಣ್ಣಗೆ ಅನ್ನಿಸಬೇಕು ಅಂತ ಮೊದಲೇ ಎಸಿ ಹಾಕಿ ಎಲ್ಲ ಮುಚ್ಚಿಸಿಟ್ಟಿದ್ದರು. ಇಂಜಿನ್ ಗುರುಗುಡುತ್ತಿತ್ತು.

"ಬನ್ನಿ ಅಮ್ಮ, ಬನ್ನಿ" ಎಂದು ಅಪ್ಪ ಕರ್ಪೂರ ಹಚ್ಚಿದರು. ಪಾರ್ವತಮ್ಮ ಎದ್ದು ನಿಧಾನವಾಗಿ ಹೆಜ್ಜೆ ಹಾಕಿದರು. ಲೋಕೇಶ ಡ್ರೈವರ್ ಕಡೆಯ ಬಾಗಿಲು ತೆಗೆದು ಒಳಗೆ ಕೂತ, ಗಾಳಿ ಜೋರು ಮಾಡಲು.

ಬಾಗಿಲು ತೆರೆದೊಡನೆ ತಣ್ಣನೆ ಗಾಳಿಯ ಜೊತೆ ಇನ್ನೊಂದು ವಾಸನೆ ನನ್ನ ಕಾಲ ಬಳಿ ಹರಿದು ಬಂತು. ಸ್ಟೌ ಹಚ್ಚಲು ಹೋಗಿ ಕಡ್ಡಿ ಸಿಗದಿದ್ದಾಗ ಅಡುಗೆಮನೆಯಲ್ಲಿ ಬರುವಂಥದ್ದು.

"ಅಪ್ಪಾ, ಗ್ಯಾಸ್ ವಾಸ್ನೆ ಬರ್ತೈತೆ" ಎಂದೆ.

"ಹೊಸ ಮ್ಯಾಟ್ ಅಂಟಿಸಿರೋ ಗೋಂದಿನ ವಾಸ್ನೆ ಕಣಮ್ಮ."

"ಗೋಂದಲ್ಲ ಅಪ್ಪಾ. ಅಡುಗೆ ಗ್ಯಾಸು."

ಕವಿತಾ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. "ನಮ್ಮೆಜಮಾನ್ರು ಏನ್ ಮಾಡಿದ್ರೂ ಅಕ್ಕಂಗೆ ವಾಸ್ನೆನೇ ಬರೋದು."

ಕ್ಯಾಪ್ಟನ್ ಕೂಡ ಮುಗುಳ್ನಕ್ಕರು. ನನ್ನ ಕಿವಿ ಬಿಸಿಯಾಯಿತು. ನನ್ನ ಹೊಟ್ಟೆಕಿಚ್ಚು ಮನೆಯವರಿಗೆಲ್ಲ ಗೊತ್ತು ಎಂದು ಅವತ್ತೇ ನನಗೆ ಗೊತ್ತಾಗಿದ್ದು. ಗುಟ್ಟಾಗಿ ಇಟ್ಟುಕೊಂಡಿದ್ದೇನೆ ಎಂದು ನಾನೊಬ್ಬಳೇ ನಂಬಿದ್ದೆ. ಆದರೂ ಇನ್ನೊಮ್ಮೆ ಹೇಳಿದೆ, ಗಟ್ಟಿಯಾಗಿ. "ಅಪ್ಪಾ, ಆರ್ತಿ ಒಳಗೆ ಬೇಡ!"

"ಸುಮಾ, ಒಳ್ಳೆ ಹೊತ್ನಲ್ಲಿ ಸುಮ್ನಿರಮ್ಮ" ಎಂದರು ಅಪ್ಪ. ದನಿಯಲ್ಲಿ ಕೋಪವಿತ್ತು.

ಇಲ್ಲಿಂದ ಮುಂದಿನದನ್ನು ನಾನು ಎಷ್ಟು ಸಲ ನೋಡಿದ್ದೇನೋ. ಪಾಠ ಮಾಡುವಾಗ ಬೋರ್ಡಿನ ಮೇಲೆ ಕಾಣುತ್ತದೆ. ಬಸ್ಸಿನಲ್ಲಿ ಕಿಟಕಿಯ ಆಚೆ ಕಾಣುತ್ತದೆ. ಲೋಕೇಶ ಒಳಗಿಂದ ನನ್ನ ಮುಖ ನೋಡಿದ. ನನ್ನನ್ನು ಅಣಕಿಸುತ್ತಿದ್ದಾನೆ ಅಂದುಕೊಂಡೆ. ಅವನು ಕೈ ಚಾಚಿ ಇಂಜಿನ್ ಆರಿಸಿದ. "ಅಮ್ಮಾ, ನೀವು ಅಲ್ಲೇ ಇರಿ, ಹತ್ರ ಬರ್ಬೇಡಿ" ಎಂದ. ಅವನ ಎರಡೂ ಕೈ ಮೇಲೆ ಹೋದವು, ಮುಂದಿನ ಗಾಜಿಗೆ ಮಾಡನ್ನು ಬಿಗಿದಿದ್ದ ಕ್ಲಿಪ್ಪುಗಳ ಕಡೆಗೆ. ಒಂದು ಬಿಚ್ಚಿತು. ಎರಡನೆಯದೂ ಬಿಚ್ಚಿತು. "ಮಾವ, ಒಂದ್ನಿಮಿಷ ತಡೀರಿ" ಎನ್ನುವಷ್ಟರಲ್ಲಿ ಅಪ್ಪ ಆಚೆ ಕಡೆಯ ಬಾಗಿಲು ತೆಗೆದು, ತಟ್ಟೆ ಹಿಡಿದ ಕೈಯನ್ನು ಗಾಳಿಕಿಂಡಿಯ ಕಡೆ ಚಾಚಿದ್ದರು.

ಜ್ವಾಲೆ ಬಾಗಲಿಲ್ಲ. ನೆಟ್ಟಗೆ ಕೆಳಕ್ಕೆ, ಗ್ಯಾಸು ತಂಗಿದ್ದ ಕಡೆಗೆ ಇಳಿಯಿತು.

ಒದ್ದೆ ಕಂಬಳಿ ಕೊಡವಿದಂಥ ಸದ್ದು. ಕಾರಿನ ಹೊಟ್ಟೆಯಿಂದ ನೀಲಿ ಬೆಳಕು ಎದ್ದಿತು, ಆಮೇಲೆ ಹಳದಿ. ಬಿಚ್ಚಿದ್ದ ಮಾಡು ದೊಡ್ಡ ಹಕ್ಕಿಯ ರೆಕ್ಕೆಯ ಹಾಗೆ ಹಿಂದಕ್ಕೆ ಹಾರಿ ಬಿತ್ತು. ಬೆಂಕಿ ಆ ತೆರಪಿನಿಂದ ಮೇಲಕ್ಕೆ ಹೋಯಿತು. ಹಿತ್ತಾಳೆ ತಟ್ಟೆ ಎಲ್ಲೋ ಉರುಳಿ ಬಹಳ ಹೊತ್ತು ತಿರುಗುತ್ತ ಸದ್ದು ಮಾಡುತ್ತಿತ್ತು. ನಾನು ಪಾರ್ವತಮ್ಮನವರನ್ನು ತಬ್ಬಿಕೊಂಡು ಮರದ ಕಡೆ ಎಳೆದುಕೊಂಡು ಹೋದೆನಂತೆ. ಅವರು ಆಮೇಲೆ ಹೇಳಿದ್ದು, ನನಗೆ ನೆನಪಿಲ್ಲ. ನನಗೆ ನೆನಪಿರುವುದು ಆ ತಟ್ಟೆಯ ಸದ್ದು, ಮತ್ತು ಲೋಕೇಶ ಸೀಟಿನ ಮೇಲಿಂದ ಅಡ್ಡಲಾಗಿ ಹಾರಿ ಅಪ್ಪನನ್ನು ಹೊರಕ್ಕೆ ತಳ್ಳಿ, ಅವರ ಮೇಲೆಯೇ ಬಿದ್ದು ಮಣ್ಣಿನಲ್ಲಿ ಹೊರಳಿದ್ದು. ಅಪ್ಪನ ಶರಟಿನ ತೋಳು ಉರಿಯುತ್ತಿತ್ತು. ಲೋಕೇಶ ಅದನ್ನು ತನ್ನ ಬರಿಗೈಯಿಂದ, ತನ್ನ ಮುಂಗೈಯಿಂದ ಒತ್ತಿ ಒತ್ತಿ ಆರಿಸುತ್ತಿದ್ದ. ಆಮೇಲೆ ಎದ್ದು ಓಡಿ ಬ್ಯಾಟರಿಯ ವಯರು ಕಿತ್ತ. ಕ್ಯಾಪ್ಟನ್ ಮತ್ತು ಇಬ್ಬರು ಡ್ರೈವರ್‌ಗಳು ಮರಳು, ಒದ್ದೆ ಗೋಣಿಚೀಲ ಹಾಕಿದರು. ಒಳಗಿದ್ದ ಗ್ಯಾಸು ಸ್ವಲ್ಪವೇ. ಸ್ಟೌ ಆರಿದ ಹಾಗೆ ಆರಿಹೋಯಿತು.

ಆ ಮಾಡಿನ ಕ್ಲಿಪ್ಪುಗಳು ಬಿಗಿದೇ ಇದ್ದಿದ್ದರೆ? ಪಾರ್ವತಮ್ಮ ಇನ್ನು ನಾಲ್ಕು ಹೆಜ್ಜೆ ಬೇಗ ಬಂದು ಆ ತಗ್ಗಿನ ಸೀಟಿನಲ್ಲಿ, ರೇಷ್ಮೆ ಸೀರೆಯಲ್ಲಿ, ಕೂತಿದ್ದಿದ್ದರೆ? ಒಮ್ಮೊಮ್ಮೆ ಕನಸಿನಲ್ಲಿ ಅವರು ಕೂತಿರುತ್ತಾರೆ.

ಕ್ಯಾಪ್ಟನ್ ಏದುಸಿರು ಬಿಡುತ್ತ ಕೇಳಿದರು. "ಯಾವ ಗ್ಯಾಸ್ ಹಾಕಿದ್ರಯ್ಯಾ ಇದಕ್ಕೆ?"

ಎಸಿಗೆ ಹಾಕುವ ಗ್ಯಾಸು ಹೀಗೆ ಹೊತ್ತಿಕೊಳ್ಳುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು.

"ಅಡುಗೆ ಗ್ಯಾಸು ಸಾರ್" ಎಂದ ಲೋಕೇಶ. ಅವನ ಹುಬ್ಬು ಸುಟ್ಟು ಮುಖ ವಿಚಿತ್ರವಾಗಿತ್ತು. "ಅದಾದ್ರೆ ಇಂಜಿನ್ ಮೇಲೆ ಭಾರ ಕಮ್ಮಿ. ನಾನೇ ಹಾಕಿದ್ದು. ಮಾವಂಗೆ ಗೊತ್ತಿಲ್ಲ."

ಅಪ್ಪ ಮಣ್ಣಿನಲ್ಲಿ ಕೂತು ನರಳುತ್ತಿದ್ದರು. ಅವರು ಏನೋ ಹೇಳಲು ಬಾಯಿ ತೆರೆದರು, ಲೋಕೇಶ ಅವರನ್ನು ಎತ್ತಿ ಅಲ್ಲಿ ನಿಂತಿದ್ದ ಟ್ಯಾಕ್ಸಿಗೆ ಹತ್ತಿಸಿದ. ನನಗೆ ಆ ಗಳಿಗೆಯಲ್ಲಿ, ಅಪ್ಪನ ಕೈಯ ಚರ್ಮ ಸುಲಿದಿರುವುದನ್ನು ನೋಡುತ್ತಿದ್ದ ಆ ಗಳಿಗೆಯಲ್ಲೂ, ಒಂದು ತಂಪು ಎದೆಗೆ ಇಳಿಯಿತು. ಕೊನೆಗೂ ತಪ್ಪು ಅವನದೇ. ಇನ್ನು ಅಪ್ಪನಿಗೆ ಗೊತ್ತಾಗುತ್ತದೆ, ಯಾರ ಮಾತು ಕೇಳಬೇಕಿತ್ತು ಎಂದು.

ಆ ತಂಪು ಆಸ್ಪತ್ರೆಯಲ್ಲಿ ಸಂಜೆಯವರೆಗೂ ಉಳಿಯಲಿಲ್ಲ. ಎರಡೂ ಕೈಗೆ ಬ್ಯಾಂಡೇಜು ಸುತ್ತಿಸಿಕೊಂಡು ಮಲಗಿದ್ದ ಅಪ್ಪನಿಗೆ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದೆ. ಎರಡು ಗುಟುಕು ಕುಡಿದು ಮುಖ ಆಚೆ ತಿರುಗಿಸಿದರು.

"ಲೋಕೇಶ ಎಲ್ಲಿ?"

"ಅವನಿಗೂ ಬ್ಯಾಂಡೇಜ್ ಹಾಕ್ತಾವ್ರೆ. ಕುಡೀರಿ."

"ಅವ್ನು ಬೇಡ ಅಂದ ಕಣಮ್ಮ. ಕೈ ಹಿಡ್ಕೊಂಡು ಬೇಡ ಅಂದ. ನಾನೇ ಟೀ ಸಿಲಿಂಡರ್ ತಂದು ಹಾಕ್ದೆ. ಹಿಂದೆ ಒಂದೆರಡು ಸಲ ಹಾಕಿದ್ದೆ, ಏನೂ ಆಗಿರ್ಲಿಲ್ಲ. ಆ ಬೂದಿಗೆರೆ ರಸ್ತೇಲಿ ಕುಲುಕಿ ಪೈಪಿನ ಬಿಗಿ ಸಡ್ಲ ಆಗೈತೆ." ಅವರ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಕೈ ಇರಲಿಲ್ಲ, ನಾನು ಒರೆಸಿದೆ. "ನನ್ ಹೆಸ್ರು ಉಳಿಸೋಕೆ ಅವ್ನು ತಲೆ ಕೊಟ್ಟ."

ನಾನು ಹೊರಗೆ ಹೋದೆ. ಲೋಕೇಶ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದ, ಎಡಗೈ ಮೊಣಕೈವರೆಗೂ ಬಿಳಿ ಬಟ್ಟೆ. ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ. ನನ್ನ ದನಿ ಅಪರಾಧಿಯನ್ನು ವಿಚಾರಿಸುವ ಹಾಗೆ ಇದ್ದಿರಬೇಕು.

"ಬೋರ್ಡಲ್ಲಿರೋದು ಮಾವನ ಹೆಸ್ರು ಅಕ್ಕ" ಎಂದ. "ನಂದೇನು, ಹೋದ್ರೆ ಹೋಗ್ಲಿ."

ಅವನೇ ಮತ್ತೆ ಹೇಳಿದ. "ಈ ಗಾಡಿಗೆ ಆರ್ತಿ ಬೇಡ ಅಂತ ಮಾವಂಗೆ ಗಿರಾಕಿ ಮುಂದೆ ಹೆಂಗೆ ಅನ್ನೋದು ಅಂತ ಬೆಳಿಗ್ಗೆಯಿಂದ ಒದ್ದಾಡ್ತಿದ್ದೆ. ನಂಗೆ ಗೋಂದಿನ ವಾಸ್ನೇಲಿ ಏನೂ ಗೊತ್ತಾಗ್ಲಿಲ್ಲ. ನೀವು ಗ್ಯಾಸು ಅಂದ್ರಲ್ಲ, ಅದಕ್ಕೇ ಕ್ಲಿಪ್ ತೆಗ್ದೆ. ನೀವ್ ಅನ್ನದಿದ್ರೆ ತೆಗೀತಿರ್ಲಿಲ್ಲ."

ಇಡೀ ಅಂಗಳದಲ್ಲಿ ನನ್ನ ಮಾತನ್ನು ಕಿವಿಗೆ ಹಾಕಿಕೊಂಡವನು ಇವನೊಬ್ಬನೇ. ಅದಕ್ಕಾಗಿ ಅವನಿಗೆ ಕೈ ಮುಗಿಯಬೇಕು. ಆದರೆ ಆ ಬೆಂಚಿನ ಮುಂದೆ ನಿಂತಿದ್ದಾಗ ನನ್ನ ಮನಸ್ಸಿಗೆ ಬಂದದ್ದು ಬೇರೆ. ಅಪ್ಪನ ಜೊತೆ ಕೆಲಸ ಮಾಡುವುದು ಇವನಿಗೆ ಸಿಕ್ಕಿತು, ಅಪ್ಪನ ಹೊಗಳಿಕೆ ಸಿಕ್ಕಿತು. ಈಗ ಅಪ್ಪನ ತಪ್ಪನ್ನು ಹೊತ್ತುಕೊಳ್ಳುವುದೂ ಇವನಿಗೇ ಸಿಕ್ಕಿತಲ್ಲ. ನನ್ನನ್ನು ಕೇಳಿದ್ದರೆ ನಾನು ಹೊರುತ್ತಿರಲಿಲ್ಲವೇ?

ಅಪ್ಪ ಆಸ್ಪತ್ರೆಯಿಂದಲೇ ಕ್ಯಾಪ್ಟನ್‌ಗೆ ಫೋನ್ ಮಾಡಿಸಿ ನಿಜ ಹೇಳಿದರು. ನಾನೇ ಫೋನನ್ನು ಅವರ ಕಿವಿಗೆ ಹಿಡಿದಿದ್ದೆ. ಕ್ಯಾಪ್ಟನ್ ಫೋನನ್ನು ಹೆಂಡತಿಯ ಕೈಗೆ ಕೊಟ್ಟರು. ಆಮೇಲೆ ಕೇಳಿಸಿದ್ದು ಪಾರ್ವತಮ್ಮನವರ ದನಿ. "ಗಂಗಣ್ಣ, ನನ್ನನ್ನ ಸುಡೋಕೆ ಇಷ್ಟೊಂದು ಅವಸರ ಯಾಕಪ್ಪ ನಿಂಗೆ?" ಎಂದು ನಕ್ಕರು. ಆ ನಗುವಿನ ಹಿಂದೆ ಅಳುವೂ ಇತ್ತು. ಮಳೆಗಾಲ ಶುರುವಾದ ಮೇಲೆ ಕ್ಯಾಪ್ಟನ್ ಸುಟ್ಟ ಕಾರನ್ನು ಎಳೆಸಿಕೊಂಡು ನಮ್ಮಲ್ಲಿಗೇ ಬಂದರು. "ನಿಮ್ಮ ಅಳಿಯನೇ ಮಾಡ್ಲಿ. ಟೈಮ್ ತಗೊಂಡು ಮಾಡ್ಲಿ" ಎಂದರು. ಲೋಕೇಶ ದೊಡ್ಡ ರೇಡಿಯೇಟರ್ ಮಾಡಿಸಿ, ಹೊಸ ಪೈಪು ಎಳೆದು, ಎಸಿಗೆ ಹಾಕಬೇಕಾದ ಗ್ಯಾಸನ್ನೇ ಹಾಕಿ ಕೊಟ್ಟ. ಗಂಡಹೆಂಡತಿ ಮುಂದಿನ ವರ್ಷದ ವಾರ್ಷಿಕೋತ್ಸವದ ದಿನ ನಂದಿಬೆಟ್ಟಕ್ಕೆ ಹೋಗಿಬಂದರು. ಹೋಗುವಾಗ ಮಾಡು ಹಾಕಿ ಎಸಿಯಲ್ಲಿ, ಸಂಜೆ ಬರುವಾಗ ಮಾಡು ಮಡಚಿ.

ಈಗ ಶೆಡ್ಡಿನಲ್ಲಿ ಕರ್ಪೂರ ಇಲ್ಲ. ಗಾಳಿಕಿಂಡಿಗೆ ಒಂದು ಮಲ್ಲಿಗೆಯ ಎಳೆ ಕಟ್ಟುತ್ತಾರೆ, ಅದು ಹಾರಾಡಿದರೆ ದೇವರು ಒಪ್ಪಿದಂತೆ. ಅಪ್ಪನ ಬೆರಳುಗಳು ಪೂರ್ತಿ ಮಡಚುವುದಿಲ್ಲ, ಕುರ್ಚಿ ಹಾಕಿಕೊಂಡು ಕೂತು ಹೇಳಿಕೊಡುತ್ತಾರೆ. ಯಾವ ಕಾರಿನ ಕೆಲಸ ಮುಗಿದರೂ ಲೋಕೇಶ ಹಿತ್ತಲ ಕಡೆ ತಿರುಗಿ ಕೂಗುತ್ತಾನೆ. "ಅಕ್ಕಾ, ಒಂದ್ಸಲ ಬಂದು ವಾಸ್ನೆ ನೋಡ್ಬಿಡಿ." ನಾನು ಕಾಲೇಜಿನಲ್ಲಿದ್ದರೆ ಕಾರನ್ನು ಸಂಜೆಯವರೆಗೂ ನಿಲ್ಲಿಸಿಕೊಳ್ಳುತ್ತಾನೆ. ಅಂತೂ ನಾನು ಶೆಡ್ಡಿಗೆ ವಾಪಸ್ ಬಂದಿದ್ದೇನೆ. ಅಪ್ಪ ಕರೆದದ್ದಲ್ಲ.

ಸಹೋದ್ಯೋಗಿಯ ಹೊಸ ಕಾರಿನ ಪೂಜೆ ಮುಗಿಸಿ ಬಂದ ಸಂಜೆಯೂ ಲೋಕೇಶ ಹಾಗೇ ಕರೆದ. ನಾನು ಸೀಟಿನ ಕೆಳಗೆ ಬಗ್ಗಿ ಮೂಸಿ ನೋಡಿ, "ಏನಿಲ್ಲ, ಕೊಟ್ಬಿಡು" ಎಂದು ಎದ್ದೆ. ಕಾರಿನವನು ಹೊಸ ಗಿರಾಕಿ, ಹೊಸಕೋಟೆ ಕಡೆಯವನು. ಅಪ್ಪ ಮತ್ತು ಲೋಕೇಶ ಇಬ್ಬರೂ ತೆರೆದ ಬಾಗಿಲ ಮೇಲೆ ಪಕ್ಕಪಕ್ಕದಲ್ಲಿ ಕೈ ಊರಿ ನಿಂತಿದ್ದರು. ಇಬ್ಬರ ಮುಂಗೈ ಮೇಲೂ ಒಂದೇ ತರಹದ ಸುಟ್ಟ ಕಲೆ, ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿದ್ದು, ಒಬ್ಬರದು ಎಲ್ಲಿ ಮುಗಿಯಿತೋ ಅಲ್ಲಿಂದ ಇನ್ನೊಬ್ಬರದು ಶುರುವಾದಂತೆ. ಗಿರಾಕಿ ಅದನ್ನು ನೋಡಿ, "ಅಪ್ಪ ಮಗ ಇಬ್ರಿಗೂ ಹುಟ್ಟಿದಾಗ್ಲಿಂದ ಇರೋ ಮಚ್ಚೆನಾ ಯಜಮಾನ್ರೇ?" ಎಂದು ಕೇಳಿದ.

ಅಪ್ಪ ಇಲ್ಲ ಎನ್ನಲಿಲ್ಲ. ನಕ್ಕು ಲೋಕೇಶನ ಕೈಯನ್ನು ಒಮ್ಮೆ ಸವರಿದರು.

ನಾನು ನನ್ನ ಕೈಗಳನ್ನು ನೋಡಿಕೊಂಡೆ. ಮೊಣಕೈವರೆಗೂ ನುಣುಪಾಗಿದ್ದವು, ಎಲ್ಲೂ ಒಂದು ಗುರುತಿಲ್ಲ.